ಪುರಾವೆಗೊಂದು ಹೆಸರು: ಜ್ಞಾನದ ತರ್ಕದಲ್ಲಿ ಆಧಾರದ ಸ್ಥಾನ



ಬರ್ಟ್ರಂಡ್ ರಸೆಲ್ 1912ರಲ್ಲಿ ಪ್ರಕಟಿಸಿದ ‘ದಿ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ ಎಂಬ ಚಿಕ್ಕ ಪುಸ್ತಕದಲ್ಲಿ ಒಂದು ಉದಾಹರಣೆ ಬರುತ್ತದೆ. ಬ್ರಿಟನ್ನಿನ ಹಿಂದಿನ ಪ್ರಧಾನಿಯ ಹೆಸರಿನ ಕೊನೆಯ ಭಾಗ ಬಕಾರದಿಂದ ಶುರುವಾಗುತ್ತದೆ ಎಂದು ಒಬ್ಬಾತ ನಂಬಿದ್ದಾನೆ. ನಂಬಿಕೆ ನಿಜವೇ, ಆ ಪ್ರಧಾನಿ ಸರ್ ಹೆನ್ರಿ ಕ್ಯಾಂಪ್‌ಬೆಲ್ ಬ್ಯಾನರ್ಮನ್. ಆದರೆ ನಂಬಿದವನ ತಲೆಯಲ್ಲಿರುವುದು ಬ್ಯಾನರ್ಮನ್ ಅಲ್ಲ, ಅವರಿಗಿಂತ ಮುಂಚೆ ಪ್ರಧಾನಿಯಾಗಿದ್ದ ಬಾಲ್ಫರ್. ಬಾಲ್ಫರ್ ಹೆಸರೂ ಬಕಾರದ್ದೇ. ತಪ್ಪು ಮನುಷ್ಯನನ್ನು ಹಿಡಿದುಕೊಂಡು ಸರಿಯಾದ ಅಕ್ಷರಕ್ಕೆ ಬಂದು ಮುಟ್ಟಿದ್ದಾನೆ. ಅವನಿಗೆ ಆ ಸಂಗತಿ ಗೊತ್ತು ಎನ್ನೋಣವೇ? ರಸೆಲ್ ಇಲ್ಲ ಎನ್ನುತ್ತಾರೆ. ಕೇಳಿದ ನಮಗೂ ಹಾಗೆಯೇ ಅನ್ನಿಸುತ್ತದೆ.

ಬ್ಯಾನರ್ಮನ್ ಅವರನ್ನು ಸರಿಯಾಗಿ ನೆನಪಿಟ್ಟುಕೊಂಡ ಪಕ್ಕದವನೂ ಅದೇ ವಾಕ್ಯವನ್ನು ನಂಬಿದ್ದಾನೆ ಎಂದಿಟ್ಟುಕೊಳ್ಳಿ. ವಾಕ್ಯ ಒಂದೇ, ಅದು ನಿಜ, ಇಬ್ಬರೂ ಅದನ್ನು ನಂಬುತ್ತಾರೆ. ಬೇರೆಯಾಗಿರುವುದು ಆ ವಾಕ್ಯಕ್ಕೆ ಅವರು ಬಂದ ದಾರಿ ಮಾತ್ರ. ವಾಕ್ಯವನ್ನೂ ಅದರ ಸತ್ಯಾಸತ್ಯವನ್ನೂ ನಂಬುವವನ ಹೆಸರನ್ನೂ ಮಾತ್ರ ಬರೆದುಕೊಳ್ಳುವ ತರ್ಕಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಜ್ಞಾನದ ತರ್ಕ ಬಹುಕಾಲ ಹೀಗೆಯೇ ಇತ್ತು. ಪುರಾವೆಯನ್ನು ಸೂತ್ರದ ಹೊರಗೆ ನಿಲ್ಲಿಸಿ ಜ್ಞಾನದ ಲೆಕ್ಕ ಹಾಕಲು ಬರುವುದಿಲ್ಲ, ಪುರಾವೆಗೂ ಸೂತ್ರದೊಳಗೆ ಒಂದು ಹೆಸರಿರಬೇಕು ಎಂಬುದು ಇಂದು ನಾನು ನಿಮ್ಮ ಮುಂದೆ ಇಡಬಯಸುವ ವಾದ. ಹಾಗೆ ಹೆಸರಿಟ್ಟು ನಡೆಯುವ ಒಂದು ತರ್ಕ ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ಅದು ಕೇಳುವ ಪ್ರಶ್ನೆಗಳು ನಮ್ಮ ಪ್ರಮಾಣಶಾಸ್ತ್ರಕ್ಕೆ ಹೊಸವಲ್ಲ. ಉತ್ತರಿಸುವ ವಿಧಾನ ಮಾತ್ರ ಪೂರಾ ಹೊಸದು.

ಮೊದಲು ಹಳೆಯ ತರ್ಕಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಫಿನ್ಲೆಂಡಿನ ಯಾಕ್ಕೊ ಹಿಂಟಿಕ್ಕಾ 1962ರಲ್ಲಿ ‘ನಾಲೆಜ್ ಅಂಡ್ ಬಿಲೀಫ್’ ಎಂಬ ಪುಸ್ತಕ ಬರೆದರು. ‘ಗೊತ್ತಿದೆ’, ‘ನಂಬುತ್ತಾನೆ’ ಎಂಬ ಕ್ರಿಯಾಪದಗಳಿಗೂ ತರ್ಕದ ನಿಯಮಗಳುಂಟು ಎಂದು ವ್ಯವಸ್ಥಿತವಾಗಿ ತೋರಿಸಿದ ಪುಸ್ತಕ ಅದು. ಅವರ ಕಲ್ಪನೆ ಸರಳ. ಒಬ್ಬನ ಕೈಯಲ್ಲಿರುವ ಮಾಹಿತಿ ಜಗತ್ತು ಹೀಗೂ ಇರಬಹುದು, ಹಾಗೂ ಇರಬಹುದು ಎಂದು ಹಲವು ಸಾಧ್ಯತೆಗಳನ್ನು ತೆರೆದಿಡುತ್ತದೆ. ಈ ಕ್ಷಣದಲ್ಲಿ ಮಂಗಳೂರಿನಲ್ಲಿ ಮಳೆ ಬರುತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಎಂದರೆ ಮಳೆ ಬರುವ ಲೋಕ, ಬಾರದ ಲೋಕ ಎರಡೂ ನನ್ನ ಪಾಲಿಗೆ ತೆರೆದಿವೆ. ಮಾಹಿತಿ ಹೆಚ್ಚಿದಷ್ಟೂ ಸಾಧ್ಯ ಲೋಕಗಳು ಕಡಿಮೆಯಾಗುತ್ತವೆ. ಉಳಿದ ಎಲ್ಲ ಲೋಕಗಳಲ್ಲಿಯೂ ಒಂದು ಸಂಗತಿ ನಿಜವಾಗಿದ್ದರೆ ಅದು ಗೊತ್ತಿದೆ ಎಂದರ್ಥ. ನಂಬಿಕೆಗೂ ಇದೇ ಲೆಕ್ಕ, ಒಂದು ಸಡಿಲಿಕೆಯೊಂದಿಗೆ: ಜ್ಞಾನಿಯ ಉಳಿದ ಲೋಕಗಳಲ್ಲಿ ವಾಸ್ತವ ಲೋಕ ಇರಲೇಬೇಕು, ನಂಬುವವನ ಲೋಕಗಳಲ್ಲಿ ಇರಲೇಬೇಕೆಂದಿಲ್ಲ. ಗೊತ್ತಿರುವುದು ನಿಜವಾಗಿರಲೇಬೇಕು, ನಂಬಿದ್ದು ಸುಳ್ಳಾಗಬಹುದು ಎಂಬ ಭೇದ ಇಲ್ಲಿಂದ ತಾನಾಗಿ ಬರುತ್ತದೆ. ಗೊತ್ತಿರುವವನಿಗೆ ತನಗೆ ಗೊತ್ತಿದೆ ಎಂಬುದೂ ಗೊತ್ತಿರುತ್ತದೆ ಎಂದು ಹಿಂಟಿಕ್ಕಾ ಒಪ್ಪಿದರು. ಗೊತ್ತಿಲ್ಲದವನಿಗೆ ತನಗೆ ಗೊತ್ತಿಲ್ಲ ಎಂಬುದು ಗೊತ್ತಿರುತ್ತದೆ ಎಂಬುದನ್ನು ಒಪ್ಪಲಿಲ್ಲ. ಈ ನಿರಾಕರಣೆ ನನಗೆ ಅವರ ವಿವೇಕದ ಗುರುತಾಗಿ ಕಾಣುತ್ತದೆ.

ಈ ಮಾದರಿಯ ಬಲ ಚೆನ್ನಾಗಿ ಕಾಣುವುದು ನ್ಯಾಯಾಲಯದಲ್ಲಿ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ಒಂದು ಸಂಗತಿಗೆ ಮೂರು ಸ್ಥಿತಿಗಳನ್ನು ಹೇಳಿತ್ತು: ರುಜುವಾತಾದದ್ದು, ಸುಳ್ಳೆಂದು ರುಜುವಾತಾದದ್ದು, ಎರಡೂ ಅಲ್ಲದೆ ರುಜುವಾತಾಗದೆ ಉಳಿದದ್ದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಕೂಡ ಈ ಮೂರನ್ನು ಉಳಿಸಿಕೊಂಡಿದೆ. ಸತ್ಯ ಮತ್ತು ಅಸತ್ಯ ಎರಡನ್ನೇ ಬಲ್ಲ ಶಾಲಾ ತರ್ಕದಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಹಿಂಟಿಕ್ಕಾ ತರ್ಕದಲ್ಲಿ ಅದು ಸಹಜವಾಗಿ ಕೂರುತ್ತದೆ: ಆ ಸಂಗತಿ ನಿಜವಾದ ಲೋಕವೂ ಸುಳ್ಳಾದ ಲೋಕವೂ ನ್ಯಾಯಾಧೀಶರ ಮುಂದೆ ಇನ್ನೂ ತೆರೆದಿವೆ. ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಮೊಕದ್ದಮೆಗಳಿಗೆ ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಐದು ಸೂತ್ರಗಳನ್ನು ಹಾಕಿಕೊಟ್ಟಿತು. ವಕೀಲರು ಅವುಗಳನ್ನು ಪಂಚಶೀಲ ಎಂದೇ ಕರೆಯುತ್ತಾರೆ. ಆರೋಪಿಯ ತಪ್ಪನ್ನು ಬಿಟ್ಟು ಉಳಿದ ಪ್ರತಿಯೊಂದು ಸಾಧ್ಯ ಊಹೆಯನ್ನೂ ಸಾಕ್ಷ್ಯ ಹೊರಗಿಡಬೇಕು ಎಂಬುದು ಅವುಗಳಲ್ಲೊಂದು. ಆರೋಪಿ ನಿರ್ದೋಷಿಯಾಗಿರುವ ಒಂದು ಸಾಧ್ಯ ಲೋಕವೂ ಉಳಿಯಬಾರದು ಎಂದು ಇದನ್ನೇ ಹಿಂಟಿಕ್ಕಾ ಭಾಷೆಯಲ್ಲಿ ಬರೆಯಬಹುದು.

ಈ ಬೇಡಿಕೆ ಕನ್ನಡ ನಾಡಿಗೂ ಹಳೆಯ ಪರಿಚಯದ್ದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿ ಸ್ಮರಿಸುವ ಜೈನ ಆಚಾರ್ಯರಲ್ಲಿ ಪಾತ್ರಕೇಸರಿಯೂ ಒಬ್ಬ. ಅನುಮಾನದ ಹೇತುವಿಗೆ, ಎಂದರೆ ಅದು ಆಧರಿಸುವ ಕಾರಣಕ್ಕೆ, ಮೂರು ಲಕ್ಷಣಗಳಿರಬೇಕು ಎಂಬುದು ದಿಙ್ನಾಗನ ಬೌದ್ಧ ಪರಂಪರೆಯ ಮತ. ಹೇತು ಪಕ್ಷದಲ್ಲಿ, ಎಂದರೆ ಚರ್ಚೆಯ ವಸ್ತುವಿನಲ್ಲಿ ಇರಬೇಕು; ಸಪಕ್ಷದಲ್ಲಿ, ಎಂದರೆ ಸಾಧಿಸಬೇಕಾದದ್ದು ಇರುವ ಬೇರೆ ಕಡೆ ಇರಬೇಕು; ವಿಪಕ್ಷದಲ್ಲಿ, ಎಂದರೆ ಅದು ಇಲ್ಲದ ಕಡೆ ಇರಬಾರದು. ಪಾತ್ರಕೇಸರಿ ಈ ಮೂರನ್ನೂ ತಳ್ಳಿಹಾಕಿ ಒಂದೇ ಲಕ್ಷಣ ಸಾಕೆಂದ: ಸಾಧಿಸಬೇಕಾದದ್ದು ಇಲ್ಲದೆ ಹೇತು ಇರಲು ಬೇರೆ ಯಾವ ಬಗೆಯೂ ಇರಕೂಡದು. ಇದಕ್ಕೆ ಅನ್ಯಥಾನುಪಪನ್ನತ್ವ ಎಂದು ಹೆಸರು. ಆ ಒಂದು ಲಕ್ಷಣವಿದ್ದರೆ ಮೂರು ಏಕೆ ಬೇಕು, ಅದೊಂದಿಲ್ಲದಿದ್ದರೆ ಮೂರಿದ್ದೂ ಏನು ಫಲ ಎಂಬುದು ಅವನ ವಾದ. ಸುಮಾರು 8ನೆಯ ಶತಮಾನದ ಅಕಲಂಕ ತನ್ನ ಪ್ರಮಾಣಶಾಸ್ತ್ರವನ್ನು ಕಟ್ಟಿದ್ದು ಈ ತಳಹದಿಯ ಮೇಲೆ. ಬೇರೆ ಸಾಧ್ಯತೆಗಳನ್ನು ಹೊರದೂಡುವುದೇ ಅರಿವಿನ ಸಾರ ಎಂಬ ನೋಟಕ್ಕೆ ಇದಕ್ಕಿಂತ ಅಡಕವಾದ ರೂಪವನ್ನು ನಾನು ಕಂಡಿಲ್ಲ.

   

ಇಷ್ಟು ಬಲವಿರುವ ಹಿಂಟಿಕ್ಕಾ ಮಾದರಿ ಎಡವುವುದೆಲ್ಲಿ? ಒಂದು ತೊಡಕು ಅದು ಹುಟ್ಟಿದಾಗಿನಿಂದಲೂ ಜೊತೆಗಿದೆ. ನನಗೆ ಒಂದು ಸಂಗತಿ ಗೊತ್ತಿದ್ದರೆ ಅದರಿಂದ ತಾರ್ಕಿಕವಾಗಿ ಹೊರಡುವ ಎಲ್ಲವೂ ನನಗೆ ಗೊತ್ತಿರಲೇಬೇಕು ಎಂದು ಈ ತರ್ಕ ಹೇಳುತ್ತದೆ. ಮೊದಲ ಸಂಗತಿ ನಿಜವಾದ ಲೋಕಗಳಲ್ಲೆಲ್ಲ ಅದರ ಫಲಿತವೂ ನಿಜವಷ್ಟೆ. 1977ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಅಂಕಣದಲ್ಲಿ 129 ಅಂಕಿಗಳ ಒಂದು ಸಂಖ್ಯೆ ಪ್ರಕಟವಾಯಿತು. ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಅದು. ಅವೆರಡನ್ನು ಹುಡುಕಿ ಎಂಬುದು ಸವಾಲು. ಉತ್ತರ ಸಿಕ್ಕಿದ್ದು 1994ರಲ್ಲಿ, ಅಂತರಜಾಲದ ಮೂಲಕ ನೂರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ದುಡಿಸಿದ ಮೇಲೆ. ಹಿಂಟಿಕ್ಕಾ ತರ್ಕದ ಪ್ರಕಾರವಾದರೆ ಗುಣಾಕಾರದ ನಿಯಮ ಬಲ್ಲ ಓದುಗರೆಲ್ಲರಿಗೂ ಉತ್ತರ 1977ರಲ್ಲೇ ಗೊತ್ತಿತ್ತು. ಹದಿನೇಳು ವರ್ಷಗಳ ದುಡಿಮೆಯನ್ನು ಗುರುತು ಹಾಕಿಕೊಳ್ಳಲು ಆ ತರ್ಕದಲ್ಲಿ ಜಾಗವೇ ಇಲ್ಲ. ಈ ತೊಡಕಿಗೆ ತಾರ್ಕಿಕ ಸರ್ವಜ್ಞತೆ ಎಂದು ಹೆಸರು.

ಎರಡನೆಯ ತೊಡಕು ರಸೆಲ್ ಉದಾಹರಣೆಯದೇ. 1963ರಲ್ಲಿ ಎಡ್ಮಂಡ್ ಗೆಟಿಯರ್ ‘ಅನಾಲಿಸಿಸ್’ ಪತ್ರಿಕೆಯಲ್ಲಿ ಮೂರು ಪುಟಗಳ ಲೇಖನ ಬರೆದು, ಆಧಾರವುಳ್ಳ ನಿಜವಾದ ನಂಬಿಕೆಯೇ ಜ್ಞಾನ ಎಂಬ ವ್ಯಾಖ್ಯಾನವನ್ನು ಅಲುಗಾಡಿಸಿದರು. ಆಧಾರ ಇದೆ, ನಂಬಿಕೆ ನಿಜ, ಆದರೂ ಜ್ಞಾನವಲ್ಲ ಎನ್ನಬೇಕಾದ ಎರಡು ಸಂದರ್ಭಗಳನ್ನು ಅವರು ಮುಂದಿಟ್ಟರು. ಅಂದಿನಿಂದ ಇದರ ಸುತ್ತ ಬೆಳೆದ ಸಾಹಿತ್ಯ ಅಪಾರ. ಆದರೆ ಇಂಥ ಉದಾಹರಣೆ ಮೊದಲು ಹುಟ್ಟಿದ್ದು 1963ರಲ್ಲಿ ಅಲ್ಲ, ರಸೆಲ್ ಅವರಲ್ಲೂ ಅಲ್ಲ. 8ನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಹೇಳುವ ಪ್ರಸಂಗ ಇದು: ಮಾಂಸ ಸುಡಲೆಂದು ಯಾರೋ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ, ಮಾಂಸದ ವಾಸನೆಗೆ ಹುಳುಗಳು ಮೋಡದಂತೆ ಮುತ್ತಿವೆ. ದೂರದಿಂದ ನೋಡಿದವನು ಅದನ್ನೇ ಹೊಗೆ ಎಂದುಕೊಂಡು ಅಲ್ಲಿ ಬೆಂಕಿಯಿದೆ ಎನ್ನುತ್ತಾನೆ. ಬೆಂಕಿ ಇರುವುದು ನಿಜ. 12ನೆಯ ಶತಮಾನದ ಶ್ರೀಹರ್ಷ ತನ್ನ ಖಂಡನಖಂಡಖಾದ್ಯದಲ್ಲಿ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಅನುಮಾನಿಸಿದವನನ್ನು ತರುತ್ತಾನೆ, ಮುಷ್ಟಿಯಲ್ಲಿ ಐದು ಕವಡೆಗಳಿವೆ ಎಂದು ಸುಮ್ಮನೆ ಊಹಿಸಿ ಗೆದ್ದವನನ್ನೂ ತರುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಬಿಮಲ್ ಕೃಷ್ಣ ಮತಿಲಾಲ್ ಅವರು ಇಂಥ ಪ್ರಸಂಗಗಳತ್ತ ಪಶ್ಚಿಮದ ಓದುಗರ ಗಮನ ಸೆಳೆದರು.

ಇದನ್ನು ಹೇಳಿದ ಕೂಡಲೇ ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಉದ್ಗಾರ ಕೇಳಿಬರುತ್ತದೆ. ಅದರಿಂದ ಧರ್ಮೋತ್ತರನಿಗೂ ಗೌರವವಿಲ್ಲ, ಗೆಟಿಯರ್ ಅವರಿಗೂ ಇಲ್ಲ. ಶ್ರೀಹರ್ಷನ ಉದ್ದೇಶ ಜ್ಞಾನಕ್ಕೆ ಒಳ್ಳೆಯ ಲಕ್ಷಣ ಕಟ್ಟುವುದಾಗಿರಲಿಲ್ಲ, ಯಾವ ಲಕ್ಷಣವೂ ನಿಲ್ಲುವುದಿಲ್ಲ ಎಂದು ತೋರಿಸುವುದಾಗಿತ್ತು. ಗೆಟಿಯರ್ ಒಂದು ನಿರ್ದಿಷ್ಟ ವ್ಯಾಖ್ಯಾನವನ್ನು ಮುರಿದು ಅಲ್ಲಿಗೇ ನಿಲ್ಲಿಸಿದರು. ಆದರೂ ಇವರ ಉದಾಹರಣೆಗಳೆಲ್ಲ ಒಂದೇ ಜಾಗದಲ್ಲಿ ಬೆರಳಿಡುತ್ತವೆ: ದೋಷವಿರುವುದು ಹೇತುವಿನಲ್ಲಿ, ಫಲಿತಾಂಶದಲ್ಲಿ ಅಲ್ಲ. ಹೇತುವನ್ನು ದಾಖಲಿಸದ ತರ್ಕಕ್ಕೆ ಆ ದೋಷ ಎಲ್ಲಿದೆ ಎಂದು ತೋರಿಸಲು ಸಾಧ್ಯವಿಲ್ಲ.

ಈಗ ಆ ಹೊಸ ತರ್ಕಕ್ಕೆ ಬರೋಣ. ಅದರ ಬೀಜ ಬಿದ್ದದ್ದು ಜ್ಞಾನಮೀಮಾಂಸೆಯಲ್ಲಲ್ಲ, ಗಣಿತದ ಬುನಾದಿಯನ್ನು ಕುರಿತ ವಿವಾದದಲ್ಲಿ. ಡಚ್ ಗಣಿತಜ್ಞ ಬ್ರೌವರ್ ಅವರ ಪಂಥಕ್ಕೆ ಗಣಿತದಲ್ಲಿ ಒಂದು ವಾಕ್ಯ ನಿಜ ಎಂದರೆ ಅದಕ್ಕೆ ಸಾಧನೆ, ಎಂದರೆ ಗಣಿತದ ರುಜುವಾತು, ಇದೆ ಎಂದೇ ಅರ್ಥ. ಈ ಅರ್ಥವನ್ನು ಸಾಮಾನ್ಯ ತರ್ಕದೊಳಗೆ ಹಿಡಿಯಲು ಕುರ್ಟ್ ಗೋಡೆಲ್ 1933ರಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ‘ಸಾಧಿಸಬಹುದು’ ಎಂಬುದಕ್ಕೆ ಒಂದು ಚಿಹ್ನೆ ಇಟ್ಟು ಅದು ಪಾಲಿಸಬೇಕಾದ ನಿಯಮಗಳನ್ನು ಕೊಟ್ಟರು. ಸಾಧಿಸಬಹುದಾದದ್ದೆಲ್ಲ ನಿಜ ಎಂಬುದು ಅವುಗಳಲ್ಲಿ ಒಂದು. ಕೇಳಲು ನಿರಪಾಯವಾಗಿಯೇ ಇದೆ. ಆದರೆ ಈ ನಿಯಮವನ್ನು ವಿರೋಧಾಭಾಸದ ವಾಕ್ಯಕ್ಕೆ ಹಚ್ಚಿ ನೋಡಿ: ವಿರೋಧಾಭಾಸವನ್ನು ಸಾಧಿಸಲಾಗದು ಎಂದಾಗುತ್ತದೆ. ನಿಯಮಗಳೂ ಸಾಧಿತವೇ ಎಂದು ಹಿಡಿದರೆ, ವ್ಯವಸ್ಥೆ ತನ್ನ ನಿರ್ವಿರೋಧತೆಯನ್ನು ತಾನೇ ಸಾಧಿಸಿದಂತಾಯಿತು. ಅಂಕಗಣಿತವನ್ನು ಒಳಗೊಂಡ ನಿರ್ವಿರೋಧ ವ್ಯವಸ್ಥೆಗೆ ಅದು ಸಾಧ್ಯವಿಲ್ಲ ಎಂದು 1931ರಲ್ಲಿ ತೋರಿಸಿದವರು ಗೋಡೆಲ್ ಅವರೇ. ಹಾಗಾದರೆ 1933ರ ಚಿಹ್ನೆ ಹೇಳುತ್ತಿರುವುದು ಯಾವ ಸಾಧನೆಯನ್ನು? ಈ ಪ್ರಶ್ನೆ ದಶಕಗಳ ಕಾಲ ಬಗೆಹರಿಯದೆ ಉಳಿಯಿತು.

ಪರಿಹಾರದ ಸುಳಿವನ್ನು ಗೋಡೆಲ್ 1938ರಲ್ಲಿ ವಿಯೆನ್ನಾದ ಒಂದು ಉಪನ್ಯಾಸದಲ್ಲಿ ಕೊಟ್ಟಿದ್ದರು. ‘ಸಾಧನೆ ಇದೆ’ ಎಂದು ಬಿಡುವ ಬದಲು ಇಂಥದೇ ಸಾಧನೆ ಎಂದು ಹೆಸರು ಹೇಳಿ ಎಂಬುದು ಆ ಸುಳಿವು. ಆ ಟಿಪ್ಪಣಿ ಅಚ್ಚಾದದ್ದು 1995ರಲ್ಲಿ, ಅವರ ಸಮಗ್ರ ಕೃತಿಗಳ ಮೂರನೆಯ ಸಂಪುಟದಲ್ಲಿ. ಅದೇ ವೇಳೆಗೆ ಮಾಸ್ಕೋದಲ್ಲಿ ಕಲಿತ ಸೆರ್ಗೆಯ್ ಆರ್ತೆಮೋವ್ ಸ್ವತಂತ್ರವಾಗಿ ಅದೇ ದಾರಿ ಹಿಡಿದು ‘ಸಾಧನೆಗಳ ತರ್ಕ’ವನ್ನು ಪೂರ್ಣವಾಗಿ ಕಟ್ಟಿದರು. 2001ರಲ್ಲಿ ಅವರ ವಿಸ್ತೃತ ಲೇಖನ ಹೊರಬಂತು. ಹೆಸರು ಹೇಳಿದ ಮಾತ್ರಕ್ಕೆ ತೊಡಕು ಬಿಡುವುದು ಹೇಗೆ? ‘ಎಲ್ಲೋ ಒಂದು ಸಾಧನೆ ಇದ್ದರೆ ವಾಕ್ಯ ನಿಜ’ ಎನ್ನುವಾಗ ನಾವು ನೋಡದ ಎಲ್ಲ ಸಾಧನೆಗಳ ಪರವಾಗಿ ಮಾತು ಕೊಡುತ್ತಿರುತ್ತೇವೆ. ‘ಈ ಸಾಧನೆ ಈ ವಾಕ್ಯದ್ದಾಗಿದ್ದರೆ ವಾಕ್ಯ ನಿಜ’ ಎನ್ನುವಾಗ ಹಾಗಲ್ಲ. ಎದುರಿಗಿರುವ ಸಾಧನೆಯನ್ನು ಸಾಲು ಸಾಲಾಗಿ ಪರಿಶೀಲಿಸಬಹುದು. ಅದು ಸರಿಯಾಗಿದ್ದರೆ ವಾಕ್ಯ ಸಿದ್ಧಿಸಿತು, ಸರಿಯಿಲ್ಲದಿದ್ದರೆ ‘ಆಗಿದ್ದರೆ’ ಎಂಬ ಷರತ್ತೇ ಬಿದ್ದುಹೋಯಿತು. ಎರಡೂ ಬಗೆಯಲ್ಲಿ ವ್ಯವಸ್ಥೆ ತನ್ನ ಮಿತಿಯೊಳಗೇ ಉಳಿಯುತ್ತದೆ.

ಈ ತರ್ಕದ ಬರವಣಿಗೆಯನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ತೋರಿಸುತ್ತೇನೆ. ‘ತ : ಪ’ ಎಂದು ಬರೆದರೆ ಪ ಎಂಬ ವಾಕ್ಯವನ್ನು ತ ಎಂಬ ಆಧಾರ ಸಮರ್ಥಿಸುತ್ತದೆ ಎಂದು ಓದಬೇಕು. ಆಧಾರಗಳನ್ನು ಸೇರಿಸಿ ಹೊಸ ಆಧಾರ ಕಟ್ಟಲು ಮೂರು ಬಗೆಗಳಿವೆ. ಮುಖ್ಯವಾದದ್ದು ಅನ್ವಯ: ‘ಸ : (ಪ → ಮ)’ ಮತ್ತು ‘ತ : ಪ’ ಇದ್ದರೆ ‘(ಸ·ತ) : ಮ’. ಪ ನಿಜವಾದರೆ ಮ ನಿಜ ಎಂಬುದಕ್ಕೆ ಸ ಆಧಾರ, ಪ ನಿಜ ಎಂಬುದಕ್ಕೆ ತ ಆಧಾರ. ಇವೆರಡನ್ನು ಈ ಕ್ರಮದಲ್ಲಿ ಕೂಡಿಸಿದ್ದು ಮ ಎಂಬುದಕ್ಕೆ ಆಧಾರ. ಎರಡನೆಯದು ಸಂಕಲನ: ತ ಒಂದನ್ನು ಸಮರ್ಥಿಸಿದರೆ, ಪಕ್ಕದಲ್ಲಿ ಸ ಎಂಬ ಬೇರೆ ಆಧಾರವನ್ನು ಇಟ್ಟುಕೊಂಡರೂ ‘(ಸ+ತ)’ ಅದನ್ನೇ ಸಮರ್ಥಿಸುತ್ತದೆ. ಮೂರನೆಯದು ಪರಿಶೀಲನೆ: ‘ತ : ಪ’ ಆಗಿದ್ದರೆ, ಅದು ಹಾಗಿದೆ ಎಂಬುದಕ್ಕೇ ‘!ತ’ ಎಂಬ ಆಧಾರವುಂಟು. ಆರ್ತೆಮೋವ್ ಸಾಧಿಸಿದ ಮುಖ್ಯ ಪ್ರಮೇಯ ಹೀಗೆ: 1933ರ ಗೋಡೆಲ್ ನಿಯಮಗಳಿಂದ ಹೊರಡುವ ಪ್ರತಿಯೊಂದು ಪ್ರಮೇಯದಲ್ಲಿಯೂ ‘ಸಾಧಿಸಬಹುದು’ ಎಂಬ ಅನಾಮಧೇಯ ಚಿಹ್ನೆಗಳ ಜಾಗದಲ್ಲಿ ಹೆಸರುಳ್ಳ ಆಧಾರಗಳನ್ನು ತುಂಬಿ ಬರೆಯಬಹುದು. ಹಳೆಯ ತರ್ಕ ಬಾಯಿ ಬಿಡದೆ ನುಂಗಿಕೊಂಡಿದ್ದ ಆಧಾರಗಳನ್ನೆಲ್ಲ ಮತ್ತೆ ಹೊರತೆಗೆಯಲು ಸಾಧ್ಯ ಎಂಬುದು ಇದರ ಅರ್ಥ. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಪ್ರಮೇಯ ಇದು.

ಗಣಿತದ ಸಾಧನೆಗಳಿಗೆ ಹುಟ್ಟಿದ ಈ ಬರವಣಿಗೆಯನ್ನು ಎಲ್ಲ ಬಗೆಯ ಆಧಾರಗಳಿಗೂ ಹಿಗ್ಗಿಸಬಹುದು ಎಂದು ಆಮೇಲೆ ಕಂಡುಬಂತು. ಮೆಲ್ವಿನ್ ಫಿಟಿಂಗ್ 2005ರಲ್ಲಿ ಇದನ್ನು ಸಾಧ್ಯ ಲೋಕಗಳ ಮಾದರಿಯೊಂದಿಗೆ ಬೆಸೆದರು: ಒಂದು ಸಂಗತಿಯನ್ನು ತ ಎಂಬ ಆಧಾರದಿಂದ ಬಲ್ಲೆ ಎನ್ನಲು ಉಳಿದ ಲೋಕಗಳಲ್ಲೆಲ್ಲ ಅದು ನಿಜವಾಗಿರಬೇಕು, ಜೊತೆಗೆ ತ ಅದಕ್ಕೆ ಆಧಾರವಾಗಿ ಸಲ್ಲುವಂತಿರಬೇಕು. ಸಾರ್ದಾ ಪ್ರಕರಣದ ಪಂಚಶೀಲವನ್ನು ಇಲ್ಲಿ ಮತ್ತೊಮ್ಮೆ ನೋಡಬೇಕು. ಬೇರೆ ಊಹೆಗಳನ್ನು ಹೊರಗಿಡುವುದಷ್ಟೇ ಸಾಲದು, ಸಾಕ್ಷ್ಯದ ಸರಪಳಿ ಎಲ್ಲಿಯೂ ಕೊಂಡಿ ಕಳಚದಂತೆ ಪೂರ್ಣವಾಗಿರಬೇಕು ಎಂದೂ ಆ ತೀರ್ಪು ಬೇಡುತ್ತದೆ. ಮೊದಲ ಬೇಡಿಕೆ ಹಿಂಟಿಕ್ಕಾ ಅವರದು, ಎರಡನೆಯದು ಆರ್ತೆಮೋವ್ ಅವರದು. ತರ್ಕಜ್ಞರು ಫಿಟಿಂಗ್ ಮಾದರಿಯಲ್ಲಿ ಒಂದುಗೂಡಿಸಿದ್ದನ್ನು ನ್ಯಾಯಮೂರ್ತಿಗಳು ಅಕ್ಕಪಕ್ಕದಲ್ಲಿ ಬರೆದಿಟ್ಟಿದ್ದರು.

ಈಗ ಆಲ್ವಿನ್ ಗೋಲ್ಡ್‌ಮನ್ 1976ರಲ್ಲಿ ಪ್ರಚಾರಕ್ಕೆ ತಂದ, ಆಮೇಲೆ ಸೋಲ್ ಕ್ರಿಪ್ಕೆ ಹೊಸ ತಿರುವು ಕೊಟ್ಟ ಒಂದು ಪ್ರಸಂಗ. ಅಮೆರಿಕದ ಹಳ್ಳಿಗಾಡಿನಲ್ಲಿ ಹೆನ್ರಿ ಕಾರಿನಲ್ಲಿ ಹೋಗುತ್ತಿದ್ದಾನೆ. ಆ ಸೀಮೆಯಲ್ಲಿ ಸಿನಿಮಾ ಸೆಟ್ಟಿನಂತೆ ಮುಂಗೋಡೆ ಮಾತ್ರ ನಿಲ್ಲಿಸಿದ ಹುಸಿ ಕೊಟ್ಟಿಗೆಗಳು ತುಂಬಿವೆ. ಹೆನ್ರಿಗೆ ಅದು ತಿಳಿಯದು. ಅವನ ಕಣ್ಣಿಗೆ ಬಿದ್ದದ್ದು ಅದೃಷ್ಟವಶಾತ್ ಒಂದು ನಿಜವಾದ ಕೊಟ್ಟಿಗೆ. ಅದು ಕೊಟ್ಟಿಗೆ ಎಂದು ಅವನಿಗೆ ಗೊತ್ತೆನ್ನಲಾಗದು, ಏಕೆಂದರೆ ಹುಸಿಯದನ್ನು ನೋಡಿದ್ದರೂ ಅವನು ಹಾಗೆಯೇ ನಂಬುತ್ತಿದ್ದ. ಕ್ರಿಪ್ಕೆ ಸೇರಿಸಿದ್ದು ಬಣ್ಣ: ಆ ಕೊಟ್ಟಿಗೆ ಕೆಂಪು, ಮತ್ತು ಆ ಸೀಮೆಯಲ್ಲಿ ಹುಸಿ ಕೊಟ್ಟಿಗೆಗಳಿಗೆ ಕೆಂಪು ಬಣ್ಣ ಬಳಿಯಲು ಬರುವುದೇ ಇಲ್ಲ. ಆಗ ‘ಇದು ಕೆಂಪು ಕೊಟ್ಟಿಗೆ’ ಎಂಬುದು ಹೆನ್ರಿಗೆ ಗೊತ್ತು ಎನ್ನಬೇಕಾಗುತ್ತದೆ, ಆ ನಂಬಿಕೆ ಹುಸಿಯಾಗುವ ಸಂದರ್ಭವೇ ಇಲ್ಲ. ಆದರೆ ಕೆಂಪು ಕೊಟ್ಟಿಗೆಯೆಂದರೆ ಕೊಟ್ಟಿಗೆಯೂ ಹೌದಲ್ಲ! ಕೆಂಪು ಕೊಟ್ಟಿಗೆ ಎಂದು ಗೊತ್ತು, ಕೊಟ್ಟಿಗೆ ಎಂದು ಗೊತ್ತಿಲ್ಲ ಎಂದರೆ ಏನರ್ಥ?

ಹಿಂಟಿಕ್ಕಾ ತರ್ಕ ಇಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತದೆ. ಒಂದೇ ವಾಕ್ಯ ಗೊತ್ತು ಎಂದೂ ಗೊತ್ತಿಲ್ಲ ಎಂದೂ ಅದು ಬರೆಯಬೇಕಾಗುತ್ತದೆ. ರಾಬರ್ಟ್ ನೋಜಿಕ್ ಅವರಂಥವರು ಅನುಮಾನದ ಮೂಲಕ ಜ್ಞಾನ ಹರಿಯುತ್ತದೆ ಎಂಬ ನಿಯಮವನ್ನೇ ಬಿಟ್ಟುಕೊಡಲು ಸಿದ್ಧರಾದರು. ತೆತ್ತ ಬೆಲೆ ಅತಿಯಾಯಿತು ಎಂದು ನನ್ನ ಎಣಿಕೆ. ಆಧಾರಗಳ ಹೆಸರು ಬರೆದು ನೋಡಿದರೆ ಯಾವ ನಿಯಮವನ್ನೂ ಬಿಡಬೇಕಿಲ್ಲ. ಬರಿಯ ಆಕಾರ ನೋಡಿ ಹುಟ್ಟಿದ ಆಧಾರಕ್ಕೆ ನ ಎನ್ನೋಣ. ಆಕಾರ ಬಣ್ಣ ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ಹುಟ್ಟಿದ ಆಧಾರಕ್ಕೆ ವ ಎನ್ನೋಣ. ಕೆಂಪು ಕೊಟ್ಟಿಗೆ ಕೊಟ್ಟಿಗೆಯೇ ಎಂಬ ತರ್ಕದ ನಿಯಮಕ್ಕೆ ಆಧಾರ ಗ. ‘ಇದು ಕೊಟ್ಟಿಗೆ’ ಎಂಬ ವಾಕ್ಯಕ್ಕೆ ಈಗ ಎರಡು ಆಧಾರಗಳಿವೆ, ನ ಮತ್ತು (ಗ·ವ). ಮೊದಲನೆಯದು ಜ್ಞಾನ ಕೊಡುವ ಯೋಗ್ಯತೆಯದಲ್ಲ, ಎರಡನೆಯದು ಯೋಗ್ಯವಾದದ್ದು. ಗೊತ್ತಿಲ್ಲ ಎಂದದ್ದು ನ ಕುರಿತು, ಗೊತ್ತು ಎಂದದ್ದು (ಗ·ವ) ಕುರಿತು. ವಿರೋಧ ಎಲ್ಲಿಯೂ ಇಲ್ಲ. ರಸೆಲ್ ಅವರ ಬಕಾರದ ಪ್ರಶ್ನೆಯೂ ಹೀಗೆಯೇ ಬಿಡುತ್ತದೆ: ಬಾಲ್ಫರ್ ಮೂಲಕ ಬಂದ ಆಧಾರದ ಒಳಗೆ ಒಂದು ಸುಳ್ಳು ವಾಕ್ಯದ ಆಧಾರ ಸೇರಿಕೊಂಡಿದೆ, ಬ್ಯಾನರ್ಮನ್ ಮೂಲಕ ಬಂದದ್ದರಲ್ಲಿ ಇಲ್ಲ. ಸೂತ್ರವನ್ನು ಬಿಡಿಸಿ ಓದಿದರೆ ತಪ್ಪು ಕೂತಿರುವ ಜಾಗ ಕಣ್ಣಿಗೆ ಬೀಳುತ್ತದೆ. ಧರ್ಮೋತ್ತರನ ಹುಳುಗಳ ಮೋಡಕ್ಕೂ ಇದೇ ಉತ್ತರ.

ಸರ್ವಜ್ಞತೆಯ ತೊಡಕೂ ಸಡಿಲಾಗುತ್ತದೆ. 129 ಅಂಕಿಗಳ ಆ ಸಂಖ್ಯೆಯ ಅಪವರ್ತನಗಳು ಗೊತ್ತು ಎನ್ನುವವನು ಅದರ ಆಧಾರವನ್ನು ಬರೆದು ತೋರಿಸಬೇಕು. ಅವಿಭಾಜ್ಯಗಳು ಕೈಯಲ್ಲಿದ್ದವನಿಗೆ ಅದು ಒಂದು ಗುಣಾಕಾರದ ಕೆಲಸ. ಇಲ್ಲದವನು ಗುಣಾಕಾರದ ನಿಯಮ ಬಲ್ಲೆ ಎಂದು ಹೇಳಿಕೊಂಡರೆ ಸಾಲದು, ಅಲ್ಲಿಂದ ಉತ್ತರದವರೆಗಿನ ಪ್ರತಿ ಹೆಜ್ಜೆಯನ್ನೂ ಸೂತ್ರದಲ್ಲಿ ಕಟ್ಟಬೇಕು, ಆಗ ಸೂತ್ರದ ಉದ್ದವೇ ದುಡಿಮೆಯ ಅಳತೆಯಾಗುತ್ತದೆ.

ಪರಿಶೀಲನೆಯ ಚಿಹ್ನೆಯಾದ ‘!’ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ನಮ್ಮ ಕಾಲದ ಬಹುಮುಖ್ಯ ಪ್ರಶ್ನೆಗಳು ಅಲ್ಲಿವೆ. ಒಂದೇ ಗಾತ್ರದ ಗೋಳಗಳನ್ನು ಅತಿ ಒತ್ತಾಗಿ ಜೋಡಿಸುವ ಬಗೆ ಯಾವುದು ಎಂಬ ಕೆಪ್ಲರ್ ಊಹೆ 1611ರದು. ಥಾಮಸ್ ಹೇಲ್ಸ್ 1998ರಲ್ಲಿ ಅದರ ಸಾಧನೆಯನ್ನು ಮುಂದಿಟ್ಟರು. ನೂರಾರು ಪುಟಗಳ ಬರಹದ ಜೊತೆಗೆ ಭಾರಿ ಪ್ರಮಾಣದ ಕಂಪ್ಯೂಟರ್ ಲೆಕ್ಕವೂ ಅದರಲ್ಲಿತ್ತು. ವರ್ಷಗಟ್ಟಲೆ ಕೂತು ನೋಡಿದ ಪರಿಶೀಲಕರ ಮಂಡಳಿ, ಸರಿಯೆಂದು ಶೇ 99ರಷ್ಟು ಖಾತ್ರಿಯಿದೆ, ಪೂರ್ತಿ ಪರಿಶೀಲಿಸಲಾಗಲಿಲ್ಲ ಎಂದಿತು. ತ ಇತ್ತು, !ತ ಇರಲಿಲ್ಲ. ಹೇಲ್ಸ್ ಅಲ್ಲಿಗೆ ಬಿಡಲಿಲ್ಲ. ಸಾಧನೆಯ ಪ್ರತಿಯೊಂದು ಹೆಜ್ಜೆಯನ್ನೂ ಯಂತ್ರ ಪರಿಶೀಲಿಸುವಂತೆ ಬರೆಯುವ ಯೋಜನೆ ಹಾಕಿ, ಹಲವರ ನೆರವಿನಿಂದ 2014ರಲ್ಲಿ ಅದನ್ನು ಮುಗಿಸಿದರು. ನ್ಯಾಯಾಲಯದಲ್ಲೂ ಇದರ ಸಮೀಪದ ಒಂದು ಬೇಡಿಕೆ ಇದೆ. ಮೊಬೈಲಿನ ದೃಶ್ಯವನ್ನೋ ಸಂದೇಶವನ್ನೋ ನಕಲಾಗಿ ಹಾಜರುಪಡಿಸುವವರು ಆ ದಾಖಲೆ ಹೇಗೆ ತಯಾರಾಯಿತು ಎಂಬ ಪ್ರಮಾಣಪತ್ರವನ್ನೂ ಕೊಡಬೇಕು. ಅದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೊಸ ಅಧಿನಿಯಮದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ಬರೆಯಲೂ ಜಾಗವಿದೆ. ಸಾಕ್ಷ್ಯ ಬೇರೆ, ಅದು ಸಾಕ್ಷ್ಯವಾಗಿ ಸಲ್ಲುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇರೆ. ಕೈಯಿಂದ ಕೈಗೆ ದಾಟಿ ಬಂದ ಒಂದು ತುಣುಕು ವಿಡಿಯೊ ನೋಡಿ ಊರಿಗೆ ಊರೇ ಕೆರಳುವ ದಿನಗಳಲ್ಲಿ ಈ ಎರಡನೆಯ ಸಾಕ್ಷ್ಯವನ್ನು ಕೇಳುವವರು ಹೆಚ್ಚಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಆದರೆ !ತ ಸರಿಯೆನ್ನಲು !!ತ ಬೇಕಲ್ಲವೇ, ಅದಕ್ಕೆ ಇನ್ನೊಂದು? ಈ ಅನವಸ್ಥೆಯನ್ನು ನಮ್ಮ ದಾರ್ಶನಿಕರು ಪ್ರಾಮಾಣ್ಯವಾದದಲ್ಲಿ ಆಳವಾಗಿ ಚರ್ಚಿಸಿದ್ದಾರೆ. ಜ್ಞಾನದ ಪ್ರಾಮಾಣ್ಯ, ಎಂದರೆ ಅದು ಸರಿಯೆಂಬುದು, ಬೇರೆ ಜ್ಞಾನದಿಂದ ತಿಳಿಯುತ್ತದೆ ಎಂದು ನೈಯಾಯಿಕರು, ತಾನಾಗಿಯೇ ತಿಳಿಯುತ್ತದೆ ಎಂದು ಮೀಮಾಂಸಕರು. ಮಧ್ವರ ಪರಂಪರೆ ಇಲ್ಲಿ ಸಾಕ್ಷಿ ಎಂಬ ತತ್ತ್ವವನ್ನು ತರುತ್ತದೆ. ಮಳಖೇಡದ ಜಯತೀರ್ಥರ ಪ್ರಮಾಣಪದ್ಧತಿ ಈ ಪ್ರಮಾಣವಿಚಾರವನ್ನು ಅಡಕವಾಗಿ ಕಲಿಸುತ್ತದೆ, ವಿಜಯನಗರದ ವ್ಯಾಸತೀರ್ಥರ ತರ್ಕತಾಂಡವ ನೈಯಾಯಿಕರೊಂದಿಗೆ ಅದನ್ನು ಕುರಿತು ದೀರ್ಘವಾಗಿ ವಾದ ಹೂಡುತ್ತದೆ. ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವ ಸಾಕ್ಷಿಯ ಬಳಿ ಸರಣಿ ನಿಲ್ಲುತ್ತದೆ. ಆರ್ತೆಮೋವ್ ತರ್ಕದಲ್ಲಿ ಸರಣಿ ನಿಲ್ಲುವುದಿಲ್ಲ. ಪ್ರತಿ ಹಂತವೂ ಯಾಂತ್ರಿಕ ಪರಿಶೀಲನೆಯಾದ್ದರಿಂದ ಬೇಕಾದಷ್ಟು ಮೆಟ್ಟಿಲು ಹತ್ತಬಹುದು, ಹತ್ತಲೇಬೇಕೆಂಬ ಒತ್ತಾಯವಿಲ್ಲ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಚೇತನದ ಸ್ವರೂಪವನ್ನು ಕುರಿತ ಸಿದ್ಧಾಂತ ಒಂದು, ಚಿಹ್ನೆಗಳ ನಿಯಮ ಇನ್ನೊಂದು.

ಈ ತರ್ಕದ ಕೊರತೆಯನ್ನು ಮುಚ್ಚಿಡಬಾರದು. ಸಂಕಲನದ ನಿಯಮವನ್ನು ನೆನಪಿಸಿಕೊಳ್ಳಿ. ತ ಒಮ್ಮೆ ಸಮರ್ಥಿಸಿದ ಮೇಲೆ ಯಾವ ಹೊಸ ಆಧಾರ ಬಂದು ಸೇರಿದರೂ ಸಮರ್ಥನೆ ಉಳಿಯುತ್ತದೆ. ಗಣಿತಕ್ಕೆ ಇದು ಸರಿ, ಒಂದು ಸಾಧನೆಯನ್ನು ಇನ್ನೊಂದು ಕೆಡಿಸುವುದಿಲ್ಲ. ಲೋಕವ್ಯವಹಾರದಲ್ಲಿ ಹಾಗಿಲ್ಲ. ಘಟನೆಯ ಹೊತ್ತಿಗೆ ಆರೋಪಿ ಬೇರೆ ಊರಿನ ಆಸ್ಪತ್ರೆಯಲ್ಲಿದ್ದ ಎಂಬ ದಾಖಲೆ ಬಂದರೆ ಪ್ರತ್ಯಕ್ಷದರ್ಶಿಯ ಹೇಳಿಕೆ ಕುಸಿಯುತ್ತದೆ. ಹೊಸ ಮಾಹಿತಿ ಬಂದಾಗ ನಂಬಿಕೆಗಳನ್ನು ಹೇಗೆ ಕೈಬಿಡಬೇಕು ಎಂಬುದಕ್ಕೆ ಆಲ್ಚೌರೋನ್, ಗಾರ್ಡೆನ್‌ಫೋರ್ಸ್ ಮತ್ತು ಮೇಕಿನ್ಸನ್ 1985ರಲ್ಲಿ ನಿಯಮಗಳನ್ನು ಕೊಟ್ಟರು, ಆದರೆ ಅವು ನಂಬಿಕೆಯನ್ನು ಮಾತ್ರ ನೋಡುತ್ತವೆ, ಅದರ ಆಧಾರವನ್ನಲ್ಲ. ಯೋಹಾನ್ ಫಾನ್ ಬೆಂಥೆಮ್ ಮತ್ತು ಎರಿಕ್ ಪಕ್ವಿಟ್ 2011ರಲ್ಲಿ ಒಂದಕ್ಕೊಂದು ವಿರುದ್ಧವಾದ ಪುರಾವೆಗಳಿಗೂ ಜಾಗ ಕೊಡುವ ಮಾದರಿ ಕಟ್ಟಿದರು: ಪುರಾವೆಗಳಲ್ಲಿ ಪರಸ್ಪರ ಹೊಂದುವ ಅತಿ ದೊಡ್ಡ ಗುಂಪುಗಳನ್ನು ಆರಿಸಿ, ಅಂಥ ಎಲ್ಲ ಗುಂಪುಗಳೂ ಒಪ್ಪುವುದನ್ನು ನಂಬು ಎಂಬುದು ಅದರ ತಿರುಳು. ಪುರಾವೆಯ ತೂಕವನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನ ಗ್ಲೆನ್ ಶೇಫರ್ ಅವರ 1976ರ ಗ್ರಂಥದ್ದು. ಹೆಸರುಳ್ಳ ಆಧಾರ, ಅದರ ತೂಕ, ಅದನ್ನು ಕೆಡಿಸುವ ಎದುರಾಧಾರ, ಈ ಮೂರನ್ನೂ ಎಲ್ಲರೂ ಒಪ್ಪುವಂತೆ ಒಂದೇ ಬರವಣಿಗೆಯಲ್ಲಿ ಹಿಡಿಯುವ ಕೆಲಸ ಮುಗಿದಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ನಿಜವಾದ ಕೆಲಸವಿದೆ ಎಂದು ನಾನು ನಂಬಿದ್ದೇನೆ. ಒಮ್ಮೆ ಹುಟ್ಟಿದ ಜ್ಞಾನ ಬಾಧಕ ಬರುವವರೆಗೆ ನಿಲ್ಲುತ್ತದೆ, ಬಾಧಕ ಬಂದರೆ ಬೀಳುತ್ತದೆ ಎಂಬುದು ಪ್ರಮಾಣಶಾಸ್ತ್ರದ ದಿನಬಳಕೆಯ ಮಾತು. ಯಾವ ಜ್ಞಾನ ಯಾವುದನ್ನು ಬಾಧಿಸಬಲ್ಲುದು, ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಆಗಮಕ್ಕೂ ವಿರೋಧ ಬಂದಾಗ ಯಾವುದು ಯಾವುದಕ್ಕೆ ಮಣಿಯಬೇಕು ಎಂಬುದನ್ನು ದ್ವೈತ, ನ್ಯಾಯ, ಜೈನ ಗ್ರಂಥಗಳು ಉದಾಹರಣೆ ಸಮೇತ ಚರ್ಚಿಸಿವೆ. ಸ್ಮೃತಿಯನ್ನೂ ಪ್ರಮಾಣಗಳಲ್ಲಿ ಎಣಿಸಿದ ಅಕಲಂಕನಂಥವರ ಬಳಿ ನೆನಪೆಂಬ ಆಧಾರವನ್ನು ಕುರಿತ ವಿವೇಚನೆಯೂ ಸಿಗುತ್ತದೆ. ಆರ್ತೆಮೋವ್ ಅವರ ಮೂರು ಕ್ರಿಯೆಗಳ ಪಕ್ಕದಲ್ಲಿ ಬಾಧೆಗೆ ನಾಲ್ಕನೆಯ ಚಿಹ್ನೆಯೊಂದನ್ನು ಇಟ್ಟು, ಅದು ಅನ್ವಯದೊಂದಿಗೂ ಪರಿಶೀಲನೆಯೊಂದಿಗೂ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಗ್ರಂಥಗಳ ಉದಾಹರಣೆಗಳ ಮೇಲೆ ಒಂದೊಂದಾಗಿ ಹಚ್ಚಿ ನೋಡಬಹುದು. ಇದಕ್ಕೆ ಸಂಸ್ಕೃತ ಬಲ್ಲವರೂ ಗಣಿತ ಬಲ್ಲವರೂ ಒಂದೇ ಮೇಜಿನ ಎದುರು ಕೂರಬೇಕು. ಪ್ರಮಾಣಪದ್ಧತಿಯ ಅನುಮಾನ ಪ್ರಕರಣದಿಂದ ಶುರು ಮಾಡಬಹುದು. ಗ್ರಂಥ ಚಿಕ್ಕದು, ವ್ಯಾಖ್ಯಾನಗಳು ಸಿಗುತ್ತವೆ, ಪಾಠ ಹೇಳುವ ವಿದ್ವಾಂಸರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ.